ಮನೆಗೆ ಹೋಗಿ ಬರುವ ಸೀರೆಗಳು

ಹಳೇಪೇಟೆ, ದಾವಣಗೆರೆ
ಫೆಬ್ರವರಿ ೩೦, ೨೧೪೭

ಗುರುಬಸಮ್ಮಜ್ಜಿಯವರಿಗೆ ನಿಮ್ಮ ಮರಿಮಗಳ ಮರಿಮಗಳು ತೋರಣಾ ಮಾಡುವ ಶರಣು ಶರಣಾರ್ಥಿ. ದಿನಾಂಕ ಕಂಡು ಗಾಬರಿಯಾಗಬೇಡಿ, ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ, ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಅಂಚೆಯೂ ಇದೆ. ನನ್ನ ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ.

ಬೈಪಾಸಿನ ಮಾಲ್‌ಗೆ ಇನ್ನೂ ಎರಡು ಅಂತಸ್ತು ಏರಿಸುತ್ತಿದ್ದಾರೆ, ಪೇಟೆಯಲ್ಲಿ ಅಕ್ಕಪಕ್ಕದ ಜವಳಿ ಅಂಗಡಿಗಳು ಷಟರ್ ಎಳೆದಿವೆ, ಇನ್ನು ನಮ್ಮದೇ ಸರದಿ ಎಂದು ನೀವು ಕಂಗಾಲಾಗಿದ್ದಿರಿ ಅಂತ ಮನೆಯಲ್ಲಿ ಇಂದಿಗೂ ಹೇಳುತ್ತಾರೆ. ಮೊದಲೇ ಹೇಳಿಬಿಡುತ್ತೇನೆ: ಅಂಗಡಿ ಉಳಿದಿದೆ. ಈ ಕಾಗದವನ್ನು ಅದರ ಗಾದಿಯ ಮೇಲೆ ಕುಳಿತೇ ಬರೆಯುತ್ತಿದ್ದೇನೆ.

ಸುಲಭಕ್ಕೇನೂ ಉಳಿಯಲಿಲ್ಲ. ಹೋದ ವರ್ಷ ನಮಗೂ ಅದೇ ಗತಿ ಬಂದಿತ್ತು. ಮಾಲ್ ಈಗ ಹರಿಹರದವರೆಗೂ ಹಬ್ಬಿದೆ. ನಾವದನ್ನು ಉದ್ದಂಗಡಿ ಎನ್ನುತ್ತೇವೆ. ಅಲ್ಲಿ ನಡೆಯಬೇಕಿಲ್ಲ, ನೆಲವೇ ಜನರನ್ನು ಹೊತ್ತು ಸಾಗುತ್ತದೆ. ಸೀರೆಯನ್ನೂ ಯಾರೂ ಬಿಚ್ಚಿ ತೋರಿಸುವುದಿಲ್ಲ. ನೆರಳುಡುಗೆ ಅಂತ ಒಂದಿದೆ: ನಿಂತಲ್ಲೇ ನಿಮ್ಮ ಮೈಮೇಲೆ ಬೆಳಕಿನ ಸೀರೆ ಮೂಡುತ್ತದೆ, ನೆರಿಗೆ ಸಮೇತ. ಚೆಂದವೇ, ಸುಳ್ಳು ಹೇಳಬಾರದು. ನಾನೂ ಕದ್ದು ಹೋಗಿ ಎರಡು ಸಲ ಉಟ್ಟು ಬಂದಿದ್ದೇನೆ. ಇತ್ತ ಅಪ್ಪ ಗಾದಿಯ ಮೇಲೆ ನೊಣ ಹೊಡೆಯುತ್ತಾ ಕೂತಿದ್ದರು. ಶ್ರಾವಣ ಮುಗಿದ ಮೇಲೆ ಬಾಗಿಲು ಹಾಕುವುದೆಂದು ತೀರ್ಮಾನವೂ ಆಗಿತ್ತು.

ಅಷ್ಟರಲ್ಲಿ ಉದ್ದಂಗಡಿ ಪಕ್ಕದ ಬಡಾವಣೆಯಿಂದಲೇ ಒಂದು ಮದುವೆ ಮನೆಯವರು ಬಂದರು. ಮದುಮಗಳ ಅಜ್ಜಿ ಭರಮವ್ವ ಹಾಸಿಗೆ ಹಿಡಿದವರು. ಧಾರೆ ಸೀರೆಯನ್ನು ನೆರಳುಡುಗೆಯ ಬೆಳಕಿನಲ್ಲಿ ತೋರಿಸಿದರೆ, “ಮುಟ್ಟಿ ನೋಡ್ದೆ ಹೆಂಗ್ ಹೂಂ ಅನ್ಲಿ? ಸೆರಗು ಕೈಗೆ ಕೊಡ್ರಿ” ಅಂದರಂತೆ. ಆದರೆ ಉದ್ದಂಗಡಿಯಲ್ಲಿ ಕೊಳ್ಳದ ಬಟ್ಟೆ ಬಾಗಿಲು ದಾಟಿದರೆ ಬಟ್ಟೆಯೇ ಕಿರುಚಿಕೊಳ್ಳುತ್ತದೆ. ಅಪ್ಪ ಮಾತ್ರ ನಿಮ್ಮ ಕಾಲದಿಂದ ಬಂದ ಪದ್ಧತಿಯಂತೆ ಹನ್ನೊಂದು ಸೀರೆಗಳನ್ನು ಹಳೇ ಧೋತರದಲ್ಲಿ ಗಂಟು ಕಟ್ಟಿ, ಮನೆಯಲ್ಲಿ ತೋರಿಸಿಕೊಂಡು ಬನ್ನಿ ಎಂದು ಕಳಿಸಿದರು. ಮೂರು ದಿನ ಗಂಟಿನ ಸುಳಿವಿಲ್ಲ. ನಾನು ಗಳಿಗೆಗೊಮ್ಮೆ ಬಾಗಿಲಿಗೆ ಬಂದು ಬೀದಿ ನೋಡುತ್ತಿದ್ದೆ. ನಾಲ್ಕನೆಯ ದಿನ ಮಡಿಕೆ ಕೆಡದ ಏಳು ಸೀರೆ ವಾಪಸು ಬಂದವು, ಉಳಿದ ನಾಲ್ಕರ ದುಡ್ಡು ಬಂತು, ಭರಮವ್ವ ಮಾಡಿಸಿ ಕಳಿಸಿದ ಶೇಂಗಾ ಹೋಳಿಗೆ ಬಂತು, ಜೊತೆಗೆ ಅದೇ ಬಡಾವಣೆಯ ಇನ್ನೂ ಮೂರು ಮನೆಯವರು ಬಂದರು. ಅವತ್ತಿನಿಂದ ಗಂಟುಗಳು ಹೋಗಿ ಬರುತ್ತಲೇ ಇವೆ. ಬಾಗಿಲು ಹಾಕುವ ಮಾತನ್ನು ಅಪ್ಪ ಮತ್ತೆ ಎತ್ತಿಲ್ಲ. ಅಬ್ಬಾ, ಬದುಕಿಕೊಂಡೆವು ಅಜ್ಜಿ.

ಈ ಕಾಗದ ಬರೆಯಲು ಕಾರಣ ಬೇರೆ. ಮೊನ್ನೆ ಅಂಗಡಿಯ ಅಟ್ಟ ಗುಡಿಸುವಾಗ ಒಂದು ಬೋರ್ಡು ಸಿಕ್ಕಿತು. ಮಾಲ್‌ನವರನ್ನು ನೋಡಿ ನೀವು ಬರೆಸಿದ್ದು: ‘ಸೀರೆಗಳನ್ನು ಮನೆಗೆ ಒಯ್ಯಲು ಕೊಡಲಾಗುವುದಿಲ್ಲ.’ ಇದು ಗೋಡೆಗೆ ಏರಿದ್ದರೆ ನಮ್ಮ ಗಂಟಿನ ಪದ್ಧತಿಯೇ ಉಳಿಯುತ್ತಿರಲಿಲ್ಲ. ತಿರುಗಿಸಿ ನೋಡಿದೆ. ಮೊಳೆ ಹೊಡೆದ ಒಂದು ತೂತೂ ಇಲ್ಲ. ಅಲ್ಲೇ ಕೂತು ಅತ್ತುಬಿಟ್ಟೆ.

ನೀವು ಮನಸ್ಸು ಬದಲಿಸಿದ್ದು ಯಾಕೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಅದಕ್ಕೇ, ಪೇಂಟರ್ ಬೋರ್ಡು ತಂದುಕೊಡುವ ದಿನವೇ ಈ ಕಾಗದ ನಿಮ್ಮ ಕೈಸೇರಲಿ ಎಂದು ಕಳಿಸುತ್ತಿದ್ದೇನೆ. ಅದನ್ನು ಅಟ್ಟಕ್ಕೆ ಹಾಕಿಬಿಡಿ. ನನಗೆ ಅಲ್ಲಿಯೇ ಸಿಗಬೇಕು.