ಎರಡು ಬೆಳ್ಳಕ್ಕಿಗಳ ಪುಸ್ತಕ

ತುಮಕೂರು
8 ಜನವರಿ 2026, ಗುರುವಾರ

ಪ್ರೀತಿಯ ಕನಕನಿಗೆ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತಾ? ಹೊಸಪೇಟೆ ಕಡೆ ಧೂಳು ಜಾಸ್ತಿ, ಶಾಲೆಗೆ ಬೈಕಿನಲ್ಲಿ ಹೋಗುವಾಗ ಬಾಯಿಗೊಂದು ಬಟ್ಟೆ ಕಟ್ಟಿಕೋ ಅಂತ ಹೋದ ಸಲ ಫೋನಿನಲ್ಲಿ ಹೇಳಲು ಹೊರಟೆ. ಅಷ್ಟರಲ್ಲಿ ನೀನು "ಊಟ ಆಯ್ತಕ್ಕ, ಇಡ್ಲಾ?" ಅಂದೆ. ಬೆಳಿಗ್ಗೆ ಹತ್ತೂವರೆಗೆ ಯಾವ ಊಟವೋ! ನಿನ್ನ ಫೋನಿನ ಮಾತು ಯಾವಾಗಲೂ ಬಸ್ಸು ಹಿಡಿಯುವ ಅವಸರದಲ್ಲಿರುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ಮಡಚಿ ಮೇಜಿನ ಖಾನೆಯಲ್ಲಿಟ್ಟರೂ ನಾಳೆ ಮತ್ತೆ ಅಲ್ಲೇ ಇರುತ್ತದಲ್ಲ. ಇಲ್ಲಿ ನಾನು, ನಿಮ್ಮ ಭಾವ, ಇಂಪನಾ ಚೆನ್ನಾಗಿದ್ದೇವೆ. ಅವ್ವನೂ ಚೆನ್ನಾಗಿದ್ದಾಳೆ ಅಂತ ಬರೆಯಲು ಕೈ ಬರುತ್ತಿಲ್ಲ. ಮೈಗೇನೂ ಆಗಿಲ್ಲ, ಗಾಬರಿಯಾಗಬೇಡ. ನಾಲ್ಕು ದಿನದಿಂದ ನನ್ನ ಜೊತೆ ಬೇಕಾದಷ್ಟೇ ಮಾತು. ಉಳಿದ ಹೊತ್ತೆಲ್ಲ ನಿನ್ನನ್ನು ಕೇಳುತ್ತಾಳೆ. ಈ ಅವರೆ ಕಾಲ ಮುಗಿಯುವುದರೊಳಗೆ ನೀನು ಒಂದು ಸಲ ಮನೆಗೆ ಬರಬೇಕು, ಬಂದು ಎರಡು ದಿನ ಇರಬೇಕು. ಅಪ್ಪನ ತಿಥಿಗೆ ಬಂದು ಎಲೆ ಎತ್ತುವ ಮೊದಲೇ ಚಪ್ಪಲಿ ಹಾಕಿಕೊಳ್ಳುತ್ತೀಯಲ್ಲ, ಹಾಗಲ್ಲ. ಯಾಕೆ ಇಷ್ಟು ಒತ್ತಾಯ ಅಂತ ಹೇಳಬೇಕಾದರೆ ಹೋದ ಭಾನುವಾರದ ಸಂಗತಿ ಹೇಳಬೇಕು.

ನಮ್ಮ ಮನೆಯ ಭಾನುವಾರಗಳು ನಿನಗೆ ಗೊತ್ತು, ಆದರೆ ನೋಡಿಲ್ಲ. ಊಟ ಆದ ಮೇಲೆ ಹಾಲಿನಲ್ಲಿ ಚಾಪೆ ಹಾಸುತ್ತೇವೆ. ನೀನು ಕಳಿಸಿದ ಚಿತ್ರದ ಪುಸ್ತಕಗಳನ್ನೆಲ್ಲ ಇಂಪನಾ ಇಸ್ಪೀಟಿನ ಹಾಗೆ ಹರಡಿ, ಅವತ್ತಿನದನ್ನು ಆರಿಸುತ್ತಾಳೆ. ನೀನು ಮೊದಲ ಹಾಳೆಯ ಮೇಲೆ ಬರೀ ತಾರೀಖು ಬರೆದು ಕಳಿಸುತ್ತೀಯ, ಹೆಸರು ಹಾಕುವುದಿಲ್ಲ ಅಂತ ಅವಳಿಗೆ ಕೋಪ. ಎಂಟು ವರ್ಷದ ಹುಡುಗಿ, ಕೆಳಗೆ ತಾನೇ "ಕನಕ ಮಾಮ ಕೊಟ್ಟಿದ್ದು" ಅಂತ ಬರೆದುಕೊಳ್ಳುತ್ತಾಳೆ. ನಾನು ಓದುತ್ತೇನೆ, ಅವಳು ಪುಟ ತಿರುಗಿಸುತ್ತಾಳೆ, ಅವ್ವ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ತಪ್ಪು ಹುಡುಕುತ್ತಾಳೆ. "ಈ ಎಮ್ಮೆ ಗೀಚ್ದೋನು ಎಮ್ಮೆ ಕಂಡೇ ಇಲ್ಲ ಕಣವ್ವ, ಕೊಂಬ್ ನೋಡು, ಟಗರಿಂದು" ಅನ್ನುತ್ತಾಳೆ. ನಿಮ್ಮ ಭಾವ ವಾರವೆಲ್ಲ ಹಿರೇಹಳ್ಳಿಯ ಕಾರ್ಖಾನೆಯಲ್ಲಿ ನಿಂತು ಬಂದವರು, ನಾಲ್ಕನೇ ಪುಟಕ್ಕೆ ಗೊರಕೆ. "ಅಪ್ಪಾ, ಈ ಕಥೇಲಿ ಹುಲಿ ಇಲ್ಲ" ಅಂತ ಇಂಪನಾ ತಿವಿಯುತ್ತಾಳೆ. ಪುಸ್ತಕ ಮುಗಿದ ಮೇಲೆ ಅವ್ವನ ಸರದಿ. ಅವಳ ಕಥೆಗಳಿಗೆ ಕಾಲ ಉಂಟು, ನಿನಗೆ ಮರೆತಿರಲಾರದು. ಉಪ್ಪಿನಕಾಯಿ ಹಾಕುವಾಗ ಕಾಗೆಯ ಕಥೆ, ಆಷಾಢದಲ್ಲಿ ಪಂಚೆ ಕದಿಯುವ ಗಾಳಿಯ ಕಥೆ. ಕಾಲ ತಪ್ಪಿಸಿ ಕೇಳಿದರೆ "ಈಗ್ಲೇ ಯೋಳುದ್ರೆ ಕತೆಗೆ ಹುಳ ಬೀಳ್ತದೆ" ಅನ್ನುತ್ತಾಳೆ. ಅವರೆಕಾಯಿ ಸುಲಿಯುವಾಗ ಮಾತ್ರ ಬೆಳ್ಳಕ್ಕಿಗಳ ಕಥೆ. ನಮ್ಮ ಪುಟ್ಟ ತಮ್ಮ ಭೀಮು ಕೆರೆಯ ಪಾಲಾದ ಮುಂದಿನ ವರ್ಷದಿಂದ ಅದನ್ನು ಹೇಳುತ್ತಿದ್ದಾಳೆ. ನೀನು ಅಷ್ಟರಲ್ಲಿ ಹಾಸ್ಟೆಲಿಗೆ ಹೋಗಿದ್ದೆ, ಹಾಗಾಗಿ ನೀನು ಅದನ್ನು ಕೇಳಿಯೇ ಇಲ್ಲ.

ಕಥೆ ಇಷ್ಟೇ. ಒಂದು ಕೆರೆ, ಅದರ ತೂಬಿನ ಮೇಲೆ ಎರಡು ಬೆಳ್ಳಕ್ಕಿ ಮರಿ, ಅಣ್ಣ ತಮ್ಮ. ಚಿಕ್ಕದು ನೀರಿನಲ್ಲಿ ತನ್ನ ನೆರಳು ನೋಡುತ್ತಾ ನೋಡುತ್ತಾ ಒಳಗೆ ಇಳಿದುಬಿಡುತ್ತದೆ. ದೊಡ್ಡದು ಒಂಟಿಕಾಲಿನಲ್ಲಿ ನಿಂತು ಕೂಗುತ್ತದೆ. ಸಂಜೆಯವರೆಗೂ ಕೂಗಿ, ಗೂಡಿಗೆ ಹೋಗಲು ಹೆದರಿ, ಬಡಗು ದಿಕ್ಕಿಗೆ ಹಾರಿಹೋಗುತ್ತದೆ. ಅಲ್ಲಿಗೆ ನಿಲ್ಲಿಸುತ್ತಾಳೆ. ನಾನು ಚಿಕ್ಕವಳಿದ್ದಾಗ ಆಮೇಲೆ ಏನಾಯ್ತವ್ವ ಅಂತ ಕೇಳುತ್ತಿದ್ದೆ, ಈಗ ಇಂಪನಾ ಕೇಳುತ್ತಾಳೆ. ಮೂವತ್ತಾರು ವರ್ಷದಿಂದ ಒಂದೇ ಉತ್ತರ. "ಆಮೇಲಿಂದು ಇನ್ನೂ ಆಗಿಲ್ಲ ಕಣೆ, ಸುಲಿ ಸುಲಿ." ಕನ್ನಡ ಎಂ.ಎ. ಮಾಡಿಕೊಂಡು ಗುಬ್ಬಿಯ ಕಾಲೇಜಿನಲ್ಲಿ ಮಕ್ಕಳಿಗೆ ಪದ್ಯದ ಒಳಗಿನ ಅರ್ಥ ಬಿಡಿಸಿ ಹೇಳುವ ನನಗೆ ಈ ಮಾತು ಕಿವಿಗೆ ಬಿದ್ದೂ ಒಳಗೆ ಇಳಿಯಲಿಲ್ಲ. ಹೆತ್ತ ಮಗ ಹೋದ ಸಂಕಟಕ್ಕೆ ಕಥೆಯ ಕೊನೆ ಹೇಳಲಾರದೆ ನಿಲ್ಲಿಸುತ್ತಾಳೆ, ಅಷ್ಟೇ ಅಂದುಕೊಂಡಿದ್ದೆ.

ಈ ಸಲ ಅವ್ವನಿಗೆ ಎಪ್ಪತ್ತೈದು ತುಂಬಿತು. ಅವಳ ಕಥೆಯನ್ನೇ ಪುಸ್ತಕ ಮಾಡಿ ಕೊಡೋಣ ಅಂತ ನನಗೂ ಇಂಪನಾಗೂ ಹುಚ್ಚು ಹತ್ತಿತು. ಡ್ರಾಯಿಂಗ್ ಹಾಳೆಗಳನ್ನು ಮಡಚಿ, ಗೋಣಿ ಹೊಲಿಯುವ ದಬ್ಬಳದಲ್ಲಿ ಬೆನ್ನು ಹೊಲಿದೆ. ಚಿತ್ರ ಅವಳದ್ದು, ಅಕ್ಷರ ನನ್ನದು. ಕೆರೆ ಚೆನ್ನಾಗಿ ಬಂದಿದೆ ಕಣೋ, ತೂಬಿನ ಎರಡು ಕಲ್ಲುಕಂಬ ನಾನು ಹೇಳಿದ ಹಾಗೇ ಬರೆದಿದ್ದಾಳೆ, ಅಮೃತೂರಿಂದ ನಮ್ಮೂರಿಗೆ ಬರುವ ದಾರಿಯಲ್ಲಿ ಕಾಣುವ ಹಾಗೆ. ಕೊನೆಯ ಎರಡು ಪುಟ ಖಾಲಿ ಉಳಿದವು. ಮಕ್ಕಳ ಪುಸ್ತಕವನ್ನು ಹಾಗೆ ಬಿಡುವುದು ಹೇಗೆ? ಚಿಕ್ಕ ಬೆಳ್ಳಕ್ಕಿ ಕೊಕ್ಕಿನಲ್ಲಿ ಮೀನು ಕಚ್ಚಿಕೊಂಡು ನೀರಿನಿಂದ ಎದ್ದು ಬಂತು, ಗೂಡಿನಲ್ಲಿ ಅವ್ವ ಅದನ್ನು ರೆಕ್ಕೆಯೊಳಗೆ ಸೇರಿಸಿಕೊಂಡಳು ಅಂತ ಬರೆದೆ. ಬರೆದು ನಾನೇ ಅತ್ತೆ. ಚೆನ್ನಾಗಿ ಬರೆದಿದ್ದೇನೆ ಅನ್ನಿಸಿತು. ಅಂಥ ಅಳು ಅದು, ಈಗ ನೆನೆದರೆ ನಾಚಿಕೆಯಾಗುತ್ತದೆ.

ಭಾನುವಾರ ನಿಮ್ಮ ಭಾವ ಗುಬ್ಬಿ ಸಂತೆಯ ಕಡೆಯಿಂದ ಸೊಗಡಿನ ಅವರೆ ತರಿಸಿದ್ದರು. ಒಂದು ಗುಡ್ಡೆ ಕಾಯಿ ಸುರಿದುಕೊಂಡು ಎಲ್ಲರೂ ಸುತ್ತ ಕೂತೆವು. ಇಂಪನಾ ಎದ್ದು ನಿಂತು, ಶಾಲೆಯಲ್ಲಿ ಭಾಷಣ ಮಾಡುವ ಹಾಗೆ ಗಂಟಲು ಸರಿ ಮಾಡಿಕೊಂಡು ಓದಿದಳು. ಅವ್ವನ ಕೈ ಸುಲಿಯುತ್ತಲೇ ಇತ್ತು. ಅಣ್ಣ ಹಕ್ಕಿ ಹಾರಿಹೋದ ಪುಟಕ್ಕೆ ಕೈ ನಿಂತಿತು. ಮುಂದಿನ ಪುಟ ತಿರುಗಿಸಿದಾಗ ಅವ್ವ ಪುಸ್ತಕವನ್ನು ಇಸಿದುಕೊಂಡಳು. ಮೂಗಿನ ಹತ್ತಿರ ಹಿಡಿದು ನೋಡಿದಳು. ಮೀನು ಕಚ್ಚಿಕೊಂಡ ಮರಿಯ ಮೇಲೆ ಅಂಗೈ ಮುಚ್ಚಿದಳು. ಆಮೇಲೆ ನನ್ನನ್ನು ನೋಡಿ, ಜೋರಾಗಿ ಏನಲ್ಲ, ಒಲೆಯ ಮುಂದೆ ಮಾತಾಡುವಷ್ಟೇ ಸಣ್ಣಗೆ, "ಹೋದೋನ್ನ ಯಾಕೆ ಎಬ್ಬಿಸ್ದೆ? ಅವ್ನು ಬರಾಕಿಲ್ಲ ಅಂತ ನಂಗೊತ್ತಿಲ್ವಾ? ಇರೋನ್ನ ಎಲ್ಲಿ ಬುಟ್ಟೆ?" ಅಂದಳು. ಪುಸ್ತಕವನ್ನು ಸಿಪ್ಪೆಯ ಮೇಲಿಟ್ಟು ಎದ್ದು ಹೋದಳು. ಸುಲಿಯದೆ ಗುಡ್ಡೆ ಬಿಟ್ಟು ಅವ್ವ ಎದ್ದಿದ್ದನ್ನು ನಾನು ನೋಡಿದ್ದು ಇದೇ ಮೊದಲು. ನಿಮ್ಮ ಭಾವನಿಗೂ ಎಚ್ಚರವಾಗಿತ್ತು.

ಆಗ ಹೊಳೆಯಿತು ನನಗೆ. ಅವ್ವ ಇಷ್ಟು ವರ್ಷ ಹೇಳುತ್ತಿದ್ದದ್ದು ಭೀಮುವಿನ ಕಥೆಯಲ್ಲ, ನಿನ್ನದು. ಇನ್ನೂ ಆಗಿಲ್ಲ ಅಂದರೆ ನೀನಿನ್ನೂ ಬಂದಿಲ್ಲ. ಸಂಜೆ ಅವಳ ಪಕ್ಕ ಹೋಗಿ ಕೂತೆ. ಆ ದಿನದ ಮಾತು ಅವಳಾಗಿಯೇ ತೆಗೆದಳು. ಮನೆಯಲ್ಲಿ ಯಾರೂ ಎತ್ತದ ಮಾತು. ನೀನು ಒದ್ದೆ ಚಡ್ಡಿಯಲ್ಲಿ, ಭೀಮುವಿನ ಅಂಗಿ ಕೈಯಲ್ಲಿ ಹಿಡಿದು ಓಡಿ ಬಂದೆಯಲ್ಲ, ಆಗ ಅವಳು ಅಂದದ್ದು. "ನೀನೊಬ್ನೇ ಯಾಕ್ಲಾ ಬಂದೆ?" ನಿನಗೆ ಒಂಬತ್ತು ವರ್ಷ. ಆ ಜೂನ್‌ನಲ್ಲೇ ನೀನು ಮಠದ ಹಾಸ್ಟೆಲಿಗೆ ಸೇರುತ್ತೇನೆ ಅಂತ ಹಠ ಹಿಡಿದೆ. ಅಪ್ಪ ಊರಿನವರ ಮುಂದೆಲ್ಲ ಓದಿನ ಮೇಲೆ ಎಷ್ಟು ಆಸೆ ನೋಡಿ ಅಂತ ಹೆಮ್ಮೆಪಟ್ಟರು. ಅವ್ವನಿಗೆ ಆಗಲೇ ಗೊತ್ತಿತ್ತಂತೆ. "ಆ ಮಾತು ನನ್ ಬಾಯಿಂದಾನೆ ಬಂತು ಕಣೆ. ಇಬ್ರೂ ಬರ್ಬೇಕಿತ್ತು ಅಂತ ಅಂದಿದ್ದು. ಅವ್ನು ಬರ್ಬಾರ್ದಿತ್ತು ಅಂತ ಅಂದ್ಕೊಬುಟ್ಟ. ಬಿಡಿಸಿ ಯೋಳಾನ ಅಂದ್ರೆ ಕೂತ್ರೆ ತಾನೆ? ಬಂದ, ಎದ್ದ, ಹೋದ" ಅಂದಳು. ಮಗನ ಎದುರು ಕೂತು ಹೇಳಲಾಗದ್ದನ್ನು ಕಥೆ ಮಾಡಿಕೊಂಡು, ನೀನಿಲ್ಲದ ಮನೆಯಲ್ಲಿ ವರ್ಷಕ್ಕೊಂದು ಕಾಲ ಹೇಳುತ್ತಾ ಬಂದಿದ್ದಾಳೆ.

ಮರುದಿನದಿಂದ ಅವ್ವ ಕಥೆ ನಿಲ್ಲಿಸಿದ್ದಾಳೆ. ಇಂಪನಾ ಪುಸ್ತಕದ ಕೊನೆಯ ಎರಡು ಪುಟವನ್ನು ತಾನೇ ಬಿಚ್ಚಿ ತೆಗೆದು, "ಅಜ್ಜಿ, ಈಗ ಸರಿ ಹೋಯ್ತಾ?" ಅಂತ ಹಿಡಿದಳು. ಅವ್ವ ಅವಳ ತಲೆ ಸವರಿದಳು, ಅಷ್ಟೇ. ಮಗು ಬಿಡಬೇಕಲ್ಲ. ನಿನ್ನೆ ಅನ್ನ ಕಲಸಿಕೊಳ್ಳುತ್ತಾ ಕೇಳಿದಳು, "ಅಮ್ಮಾ, ಚಿಕ್ಕ ಹಕ್ಕಿಗಳು ಅಷ್ಟು ದೂರ ಹೋದ್ವಲ್ಲ, ಯಾರೂ ನೋಡ್ಕೋತಿರಲಿಲ್ವಾ? ಯಾರ್ ಕಳ್ಸಿದ್ದು?" ಅವಳ ತಟ್ಟೆಗೆ ಇನ್ನೊಂದು ಸೌಟು ಹುಳಿ ಬಡಿಸಿದೆ. ಅವುಗಳೇ ಹೋಗಿದ್ದು ಅಂದೆ. ನೀನು ಅವತ್ತು ಅಪ್ಪನಿಗೆ ಹೇಳಿದ್ದೂ ಅದೇ ಅಲ್ಲವಾ? "ನಾನೇ ಕರ್ಕೊಂಡೋದೆ, ಬೆಳ್ಳಕ್ಕಿ ತೋರ್ಸೋಕೆ." ನಮ್ಮ ಮನೆಯಲ್ಲಿ ಆ ದಿನದ ಬಗ್ಗೆ ಇರುವುದು ಆ ಒಂದೇ ವಾಕ್ಯ. ಇವತ್ತು ಬೆಳಿಗ್ಗೆ ಗುಬ್ಬಿಯ ರೈಲಿನಲ್ಲಿ ಕೂತು ಅದನ್ನೇ ಯೋಚಿಸುತ್ತಾ ಇಳಿಯುವ ನಿಲ್ದಾಣ ದಾಟಿ ಹೋಗಿಬಿಟ್ಟೆ. ಕಾಲೇಜಿಗೆ ರಜೆ ಹೇಳಿ, ಮುಂದಿನ ಊರಿನಿಂದ ಬಸ್ಸು ಹಿಡಿದು ವಾಪಸ್ ಬಂದು ಈ ಕಾಗದಕ್ಕೆ ಕೂತಿದ್ದೇನೆ.

ಪುಸ್ತಕವನ್ನು ಇದರ ಜೊತೆ ಕಳಿಸುತ್ತಿದ್ದೇನೆ. ನಿನ್ನ ಶಾಲೆಯ ಮಕ್ಕಳಿಗೆ ತೋರಿಸಬೇಡ, ನೀನು ಒಬ್ಬನೇ ನೋಡು. ಅವ್ವ ನಿನ್ನಿಂದ ಏನನ್ನೂ ಕೇಳುವವಳಲ್ಲ. ಒಂದು ಮಧ್ಯಾಹ್ನ ಎದುರಿಗೆ ಕೂತು ನಾಲ್ಕು ಕಾಯಿ ಸುಲಿದರೆ ಸಾಕು, ಹೇಳಬೇಕಾದದ್ದನ್ನು ಅವಳು ಹೇಳುತ್ತಾಳೆ. ನಿನಗೆ ರಜೆ ಸಿಗುವುದಿಲ್ಲ, ಮಕ್ಕಳ ಪರೀಕ್ಷೆ, ತರಬೇತಿ ಅಂತ ನೀನು ಹೇಳುವುದೆಲ್ಲ ನನಗೆ ಬಾಯಿಪಾಠ. ಆದರೂ ಕೇಳುತ್ತಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಚಳಿಗೆ ತಣ್ಣೀರು ಸ್ನಾನ ಬೇಡ. ನಿಮ್ಮ ಭಾವ ನೆನೆಸಿದರು ಅಂತ ಹೇಳಲು ಹೇಳಿದ್ದಾರೆ, ಇಂಪನಾ ಇನ್ನು ಮುಂದೆ ಪುಸ್ತಕಕ್ಕೆ ಹೆಸರು ಹಾಕಿಯೇ ಕಳಿಸಬೇಕಂತೆ. ನೂರು ಕಾಲ ಚೆನ್ನಾಗಿರು ಅಂತ ಹರಸುವ

ನಿನ್ನ ಅಕ್ಕ
ಸುಮನಾ

ಮರೆತದ್ದಲ್ಲ, ಬರೆಯಲಾರದೆ ಬಿಟ್ಟದ್ದು: ಮೇಲಿನದನ್ನೆಲ್ಲ ಬರೆದು ಕವರಿಗೆ ಹಾಕಿ ಅಂಟು ಹಚ್ಚದೆ ಮತ್ತೆ ಹೊರಗೆ ತೆಗೆದೆ. ಅವತ್ತು ನೀನು ಭೀಮುವನ್ನು ಕರೆದುಕೊಂಡು ಹೋದದ್ದಲ್ಲ. ನಾನು ಓಡಿಸಿದ್ದು. ಶಾಲೆಯಿಂದ ಒಂದೇ ದಿನಕ್ಕೆ ಅಂತ ಕೊಟ್ಟ ಹಕ್ಕಿಗಳ ಚಿತ್ರದ ಪುಸ್ತಕ ನನ್ನ ತೊಡೆಯ ಮೇಲಿತ್ತು. ಭೀಮು ತಾನೂ ನೋಡಬೇಕು ಅಂತ ಎಳೆದ, ಒಂದು ಪುಟದ ಮೂಲೆ ಹರಿಯಿತು. ಅವನ ಕೈಗೆ ಹೊಡೆದು, "ನಿಜವಾದ ಬೆಳ್ಳಕ್ಕಿ ಕೆರೆ ಹತ್ರ ಇದಾವೆ, ಹೋಗಿ ನೋಡ್ಕೊಳ್ಳಿ, ನನ್ ತಲೆ ತಿನ್ಬೇಡಿ" ಅಂದೆ. ನೀನು ಪಕ್ಕದಲ್ಲೇ ನಿಂತಿದ್ದೆ. ಮೂವತ್ತೇಳು ವರ್ಷ ಒಬ್ಬರಿಗೂ ಹೇಳಲಿಲ್ಲ ನೀನು, ನಾನೂ ನಿನಗೆ ಹೇಳಲು ಬಿಡಲಿಲ್ಲ. ಈಗ ತಾನೆ ಹೋಗಿ ಅವ್ವನಿಗೆ ಹೇಳಿ ಬಂದೆ. ಅವಳು ಬೈಯಲಿಲ್ಲ. ನೀರು ಕೊಡು ಅಂದಳು. ತಂದುಕೊಟ್ಟೆ. ಲೋಟವನ್ನು ಹಾಗೇ ಪಕ್ಕಕ್ಕಿಟ್ಟು, ಎದ್ದು ಹೋಗಿ ತಾನೇ ಬೇರೆ ತೆಗೆದುಕೊಂಡು ಕುಡಿದಳು. ಆಮೇಲೆ ನಿಮ್ಮ ಭಾವನಿಗೆ ಫೋನ್ ಹಚ್ಚಿಸಿ, ಹೊಸಪೇಟೆಗೆ ಬೆಳಿಗ್ಗೆ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದಳು. ಸೋಮವಾರ ಅವರು ರಜೆ ಹಾಕಿ ಅವಳನ್ನು ನಿನ್ನಲ್ಲಿಗೆ ಕರೆದುಕೊಂಡು ಬರುತ್ತಾರೆ. ಬೇಡ ಅನ್ನಬೇಡ ಕನಕ, ಅವ್ವ ಆಗಲೇ ಎರಡು ಸೀರೆ ಮಡಚಿ ಬ್ಯಾಗಿಗೆ ಹಾಕಿಕೊಂಡಿದ್ದಾಳೆ. ನನ್ನನ್ನು ಕರೆದಿಲ್ಲ.