ಸೀಟಿ ಊದಿದರೂ ಓಡದ ಐವರು ಹುಡುಗಿಯರು

ಮಾನ್ಯ ಕ್ರೀಡಾಧಿಕಾರಿಗಳೇ,

ಕಳೆದ ಭಾನುವಾರ ಕಿರಿಯರ ಕ್ರೀಡಾಕೂಟದಲ್ಲಿ ಸೀಟಿ ಊದಿದರೂ ಓಡದೆ ನಿಂತ ಐವರು ಹುಡುಗಿಯರನ್ನು ತಾವು ‘ಅಶಿಸ್ತು’ ಎಂದು ಷರಾ ಬರೆದು ಒಂದು ವರ್ಷ ಹೊರಗಿಟ್ಟಿದ್ದೀರಿ. ಅವರಲ್ಲಿ ಒಬ್ಬಳು ನನ್ನ ಮಗಳು. ಅವಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಉಳಿದ ನಾಲ್ವರಿಗೆ ಚೆನ್ನಾಗಿಯೇ ಕೇಳಿಸುತ್ತದೆ. ತಮಗೆ ಅರ್ಥವಾಗದೆ ಹೋದದ್ದು ಇದೇ ಆದ್ದರಿಂದ ವಿವರಿಸುವ ಧೈರ್ಯ ಮಾಡುತ್ತಿದ್ದೇನೆ.

ಕೂಟಕ್ಕೆ ಮುಂಚೆ ನಾನು ತಮ್ಮ ಕಚೇರಿಗೆ ಮೂರು ಸಲ ಬಂದಿದ್ದೆ. ಸೀಟಿ ಊದುವಾಗ ಪಕ್ಕದಲ್ಲಿ ಯಾರಾದರೂ ಒಂದು ಕರವಸ್ತ್ರ ಬೀಸಲಿ ಎಂದಷ್ಟೇ ಕೇಳಿದ್ದೆ. ತಾವು ಫೈಲಿನಿಂದ ತಲೆ ಎತ್ತದೆ, “ಒಬ್ಬೊಬ್ಬರಿಗೆ ಒಂದೊಂದು ರೂಲು ಮಾಡೋಕಾಗಲ್ಲ ರೀ. ಎಲ್ಲರಿಗೂ ಒಂದೇ ಸೀಟಿ. ಸಮಾನತೆ ಅಂದ್ರೆ ಅದೇ” ಎಂದಿರಿ. ತಮ್ಮ ಹಿಂದಿನ ಗೋಡೆಯ ಮೇಲೆ ‘ಎಲ್ಲರೂ ಬನ್ನಿ, ಎಲ್ಲರೂ ಆಡಿ’ ಎಂಬ ಪೋಸ್ಟರ್ ಇತ್ತು. ಮುದ್ರಣಾಲಯದಲ್ಲಿ ಕಾಗದ ಕತ್ತರಿಸುವವನು ನಾನು. ಅದರ ಅಂಚು ಕತ್ತರಿಸಿದ್ದೂ ನಾನೇ. ಅಂಚು ನೇರವಾಗಿದೆ. ಒಳಗಿನ ಮಾತಿಗೆ ನಾನು ಜವಾಬ್ದಾರನಲ್ಲ.

ಈ ಐವರೂ ನಮ್ಮ ಬಡಾವಣೆಯ ಮೈದಾನದಲ್ಲಿ ಎರಡು ವರ್ಷದಿಂದ ಒಟ್ಟಿಗೆ ಓಡುತ್ತಾರೆ. ಅವರಿಗೆ ಓಟ ಕಲಿಸುವ ನಿವೃತ್ತ ನರ್ಸಮ್ಮ ಮೊದಲ ವಾರವೇ ಸೀಟಿಯನ್ನು ಚೀಲಕ್ಕೆ ಹಾಕಿ ಹಳದಿ ಕರವಸ್ತ್ರ ಹೊರತೆಗೆದರು. ಅದಕ್ಕಾಗಿ ಸಭೆ ಸೇರಲಿಲ್ಲ, ಸುತ್ತೋಲೆ ಹೊರಡಲಿಲ್ಲ, ಉಪಸಮಿತಿಯೂ ಆಗಲಿಲ್ಲ. ಕರವಸ್ತ್ರ ಕೆಳಗಿಳಿದರೆ ಓಟ, ಅಷ್ಟೇ. ಹೀಗೇ ಓಡಿ ಓಡಿ ಕಿವಿ ಕೇಳುವ ನಾಲ್ವರಿಗೂ ಸೀಟಿಯ ಅಭ್ಯಾಸವೇ ತಪ್ಪಿಹೋಗಿತ್ತು. ಭಾನುವಾರ ತಮ್ಮವರು ಕೆನ್ನೆ ಉಬ್ಬಿಸಿ ಊದಿದಾಗ ಐವರೂ ಕರವಸ್ತ್ರ ಎಲ್ಲಿ ಎಂದು ಹುಡುಕುತ್ತಾ ನಿಂತರು. ಎಲ್ಲರನ್ನೂ ಒಳಗೊಳ್ಳುವುದು ಹೇಗೆಂದು ತಾವು ಎರಡು ದಿನದ ವಿಚಾರಸಂಕಿರಣ ನಡೆಸಿದ್ದಿರಲ್ಲ, ಅದರ ಉತ್ತರ ತಮ್ಮ ಕಣ್ಣೆದುರೇ ಸಾಲಾಗಿ ನಿಂತಿತ್ತು. ತಮಗೆ ಅದಕ್ಕೆ ಅಶಿಸ್ತು ಎನ್ನುವುದಕ್ಕಿಂತ ಒಳ್ಳೆಯ ಪದ ಸಿಗಲಿಲ್ಲವೇ?

ಆದೇಶ ಬಂದ ದಿನ ಆ ನಾಲ್ವರಲ್ಲೇ ಬಾಯಿಬಡುಕಿಯೊಬ್ಬಳು ಮನೆಗೆ ಬಂದು, “ಮಾಮ, ಅವಳನ್ನ ಕಳಿಸಿ. ಒಂದು ವರ್ಷ ತಾನೇ, ನಾವು ಇಲ್ಲೇ ಓಡ್ಕೊಂಡಿರ್ತೀವಿ” ಎಂದಳು. ನನ್ನ ಮಗಳು ಕೋಣೆಯಿಂದ ಹೊರಗೆ ಬರಲಿಲ್ಲ. ಆಮೇಲೆ ಒಂದು ಚೀಟಿ ತಂದು ನನ್ನ ಕೈಗಿಟ್ಟಳು: “ಅಪ್ಪಾ, ನಾನು ಓಡೋದು ಬಿಡ್ತೀನಿ. ಆಗ ಅವರಿಗೆ ಸೀಟಿ ಕೇಳಿಸುತ್ತೆ.” ಅವಳಿಗೆ ಹದಿಮೂರು ವರ್ಷ. ಆ ಚೀಟಿಯನ್ನು ಇನ್ನೂ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೇನೆ. ಈ ಒಂದು ಮಾತಿನಲ್ಲಿ ವ್ಯಂಗ್ಯವಿಲ್ಲ.

ಆದ್ದರಿಂದ ಆದೇಶ ಹಿಂಪಡೆಯಿರಿ. ಮುಂದಿನ ಕೂಟದಲ್ಲಿ ಕರವಸ್ತ್ರ ಹಿಡಿಯಲು ಒಬ್ಬರನ್ನು ನಿಲ್ಲಿಸಿ. ಆಳು ಸಿಗದಿದ್ದರೆ ನಾನೇ ರಜೆ ಹಾಕಿ ಬರುತ್ತೇನೆ. ಅದಕ್ಕಿಂತ ಮೊದಲು, ತಪ್ಪು ಅವಳದಲ್ಲ ಎಂದು ಕಚೇರಿಯ ಮೊಹರು ಒತ್ತಿ ಅವಳ ಹೆಸರಿಗೇ ಒಂದು ಪತ್ರ ಬರೆಯಿರಿ. ನಾನು ದಿನಾ ಅದನ್ನೇ ಹೇಳುತ್ತಿದ್ದೇನೆ. ಆದರೆ ಅವಳು ನಂಬಿರುವುದು ತಮ್ಮನ್ನು.

ಇಂತಿ,
ಅಶಿಸ್ತಿನ ಹುಡುಗಿಯೊಬ್ಬಳ ಅಪ್ಪ