ಉಸಿರು ಬಿಟ್ಟು ನಿಲ್ಲುವ ಜಾಗ

ಗ್ರೇಟ್ ಫಾಲ್ಸ್, ಮೊಂಟಾನಾ
16 ನವೆಂಬರ್ 2019

ವರ್ನಾ,

ನೀನು ಚೆನ್ನಾಗಿಯೇ ಇರುತ್ತೀಯ. ನಿನ್ನ ಅಕ್ಕನ ಮನೆಯಲ್ಲಿ ಬಿಸಿ ಊಟಕ್ಕೂ ನನ್ನ ಮೇಲಿನ ಚಾಡಿಗೂ ಕೊರತೆಯಿಲ್ಲ. ಉತ್ತರ ತಡವಾಯಿತು. ಬೇಕೆಂದೇ ಬರೆಯಲಿಲ್ಲ, ಕ್ಷಮಿಸು ಎಂದರೆ ಸುಳ್ಳಾಗುತ್ತದೆ.

"ಎಂಟು ವಾರ ಆ ಉಸಿರಾಟದ ಚಿಕಿತ್ಸೆ ಮುಗಿಸು, ಆಮೇಲೆ ಬರ್ತೀನಿ" ಎಂದು ಹೋದೆಯಲ್ಲ? ಬೆನ್ನುನೋವಿಗೂ ಯುದ್ಧದ ನೆನಪಿಗೂ ಒಂದೇ ಮದ್ದಂತೆ! ಐದು ವಾರ ಹೋದೆ. ಆರನೆಯ ವಾರ ಕುರ್ಚಿ ಒದ್ದು ಎದ್ದು ಬಂದೆ. ಏಕೆಂದು ಕೇಳು, ಆಮೇಲೆ ಅಕ್ಕತಂಗಿ ಸೇರಿ ಬೈಯುವಿರಂತೆ.

ನಮಗೆ ಕಲಿಸುವವಳು ಇಮೋಜೆನ್, ಬಂದೂಕು ಮುಟ್ಟಿದವಳಲ್ಲ. ಮೊದಲ ದಿನದಿಂದ ಅದೇ ಪಾಠ: "ನೋವು ಬಂದಾಗ ನಿಧಾನಕ್ಕೆ ಉಸಿರು ಬಿಡಿ. ಪೂರ್ತಿ ಬಿಟ್ಟಾದ್ಮೇಲೆ ಒಂದು ಕ್ಷಣ ಹಾಗೇ ನಿಲ್ಲಿ. ಎಷ್ಟು ಶಾಂತವಾಗಿದೆ ನೋಡಿ." ನಾವು ಆರು ಜನ ಮಾಜಿ ಸೈನಿಕರೂ ಬಾಯಿ ಬಿಡಲಿಲ್ಲ. ಮೊನ್ನೆ ಗುರುವಾರ ನಮ್ಮಲ್ಲೊಬ್ಬ ಮುದುಕ ಲಾಯ್ಡ್‌ಗೆ ತಡೆಯಲಾಗಲಿಲ್ಲ.

"ಅಮ್ಮಣ್ಣಿ, ಇದನ್ನ ಸರ್ಕಾರ ನಂಗೆ ಹತ್ತೊಂಬತ್ತನೇ ವಯಸ್ಸಲ್ಲೇ ಕಲಿಸಿದೆ. ಬಂದೂಕು ಅಲುಗದ ಆ ಶಾಂತಿಯಲ್ಲೇ ಗುಂಡು ಹಾರಿಸೋದು!"

ಅವಳ ಮುಖ ಬಿಳಿಚಿತು. ನನಗೇನೂ ಪಾಪ ಅನ್ನಿಸಲಿಲ್ಲ. ಬೆನ್ನು ಹಿಡಿದಾಗಲೆಲ್ಲ ಮನೆಯಲ್ಲಿ ಅವಳು ಹೇಳಿದಂತೆ ಉಸಿರು ಬಿಟ್ಟು ನಿಲ್ಲುತ್ತಿದ್ದೆ. ನಿಂತ ಕೂಡಲೇ, ಯುದ್ಧದಲ್ಲಿ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದವನೊಬ್ಬನಿಗೆ ಗುಂಡು ಹೊಡೆದೆನಲ್ಲ, ಅವನು ಮತ್ತೆ ಬೀಳುತ್ತಿದ್ದ. ಮದ್ದು ಮದ್ದು ಎಂದು ಐದು ವಾರ ದಿನಾ ಅವನನ್ನು ಕೊಂದಿದ್ದೇನೆ, ವರ್ನಾ.

ಕುರ್ಚಿ ಒದ್ದು ಹೊರಟ ನನ್ನ ಹಿಂದೆ ಇಮೋಜೆನ್ ಕಾರಿನ ತನಕ ಓಡಿ ಬಂದಳು. "ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಕೇಳಿದ್ರಾ?"

"ಹಾಗಾದ್ರೆ ನಿಲ್ಲೋದೇ ಬೇಡ. ಗುನುಗ್ತಾ ಉಸಿರು ಬಿಡಿ. ಗುನುಗ್ತಾ ಗುರಿ ಹಿಡಿಯೋಕಾಗುತ್ತಾ?"

ಆಗುವುದಿಲ್ಲ. ಹಾಳಾದವಳು, ಸರಿಯಾಗಿಯೇ ಹೇಳಿದಳು. ಅದಕ್ಕೇ ಸಿಟ್ಟು ಇನ್ನಷ್ಟು ಏರಿ, ಕಾರಿನ ಬಾಗಿಲು ದಡಾರನೆ ಹಾಕಿಕೊಂಡು ಬಂದೆ. ಮುಂದಿನ ಗುರುವಾರ ಹೋಗುತ್ತೇನೆ. ನಿನಗಾಗಿ ಅಲ್ಲ, ಹಿಗ್ಗಬೇಡ.

ದೇವರು ನಿನ್ನನ್ನು ಚೆನ್ನಾಗಿಡಲಿ, ನಿನ್ನ ಅಕ್ಕನ ಬಾಯಿಗೂ ಸ್ವಲ್ಪ ಬಿಡುವು ಕೊಡಲಿ.

ಇನ್ನೂ ನಿನ್ನ ಗಂಡನಾಗಿರುವ,
ರಾಯ್ಸ್

ಮತ್ತೆ: ಆ ಭಾನುವಾರ ಬೆಳಿಗ್ಗೆ ಮುಲಾಮು ಹಚ್ಚಲು ಬಂದ ನಿನ್ನ ಕೈಯನ್ನು ಮೂಳೆ ಮುರಿಯುವಂತೆ ತಿರುಚಿದೆನಲ್ಲ, ಡಾಕ್ಟರ ಮುಂದೆ ನೀನೇ ನನ್ನ ಪರ ವಹಿಸಿ, "ಪಾಪ, ಇವನು ನಿದ್ದೆಗಣ್ಣಲ್ಲಿದ್ದ, ಯಾರೋ ಶತ್ರು ಅಂದ್ಕೊಂಡ" ಎಂದೆ. ನಾನೂ ತಲೆಯಾಡಿಸಿದೆ. ಸುಳ್ಳು. ಎಚ್ಚರವಾಗಿದ್ದೆ. ನೋವು ತಡೆಯಲಾಗದೆ ಯಾರನ್ನಾದರೂ ನೋಯಿಸಬೇಕಿತ್ತು. ಆ ಕೈ ನಿನ್ನದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಇದನ್ನು ಓದಿದ ಮೇಲೂ ಬರುವುದಾದರೆ ಬಾ.